ಕಡಲ ಕೆಲಸದವರೇ, ಕಾರ್ಡಿನ ಕೊನೆಯ ತಾರೀಖು ನೋಡಿಕೊಂಡಿದ್ದೀರಾ?

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಕಡಲ ಗಾಳಿ ಸೋಕುವುದಿಲ್ಲ. ಆದರೂ ಹರಿಹರದ ಶೆಡ್ಡುಗಳಲ್ಲಿ ವೆಲ್ಡಿಂಗ್ ಕಲಿತವರು, ಐಟಿಐ ಮುಗಿಸಿ ಫಿಟ್ಟರ್ ಆದವರು, ಹೋಟೆಲ್ ಅಡುಗೆಮನೆಯಲ್ಲಿ ಪಳಗಿ ಬಾರ್ಜ್ ಎಂಬ ಚಪ್ಪಟೆ ತಳದ ಹಡಗಿನ ಅಡುಗೆಗೆ ಸೇರಿದವರು ಅರಬ್ಬಿ ಸಮುದ್ರದ ತೈಲಕ್ಷೇತ್ರವಾದ ಮುಂಬೈ ಹೈಗೂ ಕೊಲ್ಲಿ ದೇಶಗಳ ಕಡಲ ತೈಲ ರಿಗ್ಗುಗಳಿಗೂ ಹೋಗಿ ಬರುತ್ತಿದ್ದಾರೆ. ತೈಲ ವೇದಿಕೆಗಳಲ್ಲಿ ಸುರಕ್ಷತೆಯ ಕೆಲಸ ನೋಡಿಕೊಂಡು, ಆಮೇಲೆ ತರಬೇತಿ ಕೇಂದ್ರದ ಕೊಳದ ದಂಡೆಯಲ್ಲಿ ನಿಂತು ನೂರಾರು ಹುಡುಗರಿಗೆ ಪಾಠ ಹೇಳಿದ ನನಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಕೇಳುತ್ತಿವೆ. ಆದ್ದರಿಂದ ಈ ಸಂಚಿಕೆಯನ್ನು ಸುರಕ್ಷತಾ ತರಬೇತಿಯ ಸರ್ಟಿಫಿಕೇಟಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಕೊಲ್ಲಿಯ ರಿಗ್ ಒಂದರಲ್ಲಿ ವೆಲ್ಡರ್. ರಜೆಯ ಮೇಲೆ ಊರಿಗೆ ಬಂದಿದ್ದೇನೆ. ನನ್ನ ಬೋಸಿಯೆಟ್ ಬರುವ ತಿಂಗಳ ಹತ್ತನೇ ತಾರೀಖಿಗೆ ಮುಗಿಯುತ್ತದೆ. ಅದೇ ತಿಂಗಳ ಕೊನೆಗೆ ಮರಳಿ ಹೋಗಬೇಕು. ತಂಗಿಯ ಮದುವೆಯ ಓಡಾಟವಿದೆ. ‘ಮುಗಿದ ಮೇಲೂ ಒಂದು ತಿಂಗಳು ಅವಕಾಶ ಇರುತ್ತದೆ, ಒಂದು ದಿನದ ಕೋರ್ಸ್ ಮಾಡಿಸಿಕೊಟ್ಟರಾಯಿತು’ ಎಂದು ಏಜೆಂಟರು ಹೇಳುತ್ತಾರೆ. ಮದುವೆ ಮುಗಿಸಿಕೊಂಡು ಹೋಗಬಹುದೇ?
— ಹೆಸರು ಬೇಡ, ಹರಿಹರ

ಉತ್ತರ: ಬೇಡ ತಮ್ಮಾ, ಮದುವೆಗೆ ಮೊದಲೇ ಹೋಗಿ ಬನ್ನಿ. ಏಜೆಂಟರು ಹೇಳಿದ ಆ ಒಂದು ತಿಂಗಳ ಅವಕಾಶ ಇಲ್ಲವೇ ಇಲ್ಲ.

ವಿಷಯ ಹೀಗಿದೆ. ಬೋಸಿಯೆಟ್ ಎಂದರೆ ಕಡಲ ಕೆಲಸಕ್ಕೆ ಕಾಲಿಡುವವರಿಗೆ ಕೊಡುವ ಮೂರು ದಿನದ ಮೊದಲ ತರಬೇತಿ. ಇದರ ಮಟ್ಟ, ಪಠ್ಯ ಎರಡನ್ನೂ ಗೊತ್ತುಮಾಡುವುದು ಸ್ಕಾಟ್ಲೆಂಡಿನಲ್ಲಿ ನೆಲೆಯಿರುವ ಒಪಿಟೊ ಸಂಸ್ಥೆ. ಮುಳುಗಿದ ಹೆಲಿಕಾಪ್ಟರಿನಿಂದ ಹೊರಬರುವುದು, ಕಡಲಲ್ಲಿ ಬದುಕುಳಿಯುವುದು, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಹೊಗೆ ತುಂಬಿದ ಕೋಣೆಯಿಂದ ತೆವಳಿ ಪಾರಾಗುವುದು, ಎಲ್ಲ ಅದರಲ್ಲಿ ಬರುತ್ತವೆ. ಅದರ ಆಯುಷ್ಯ 4 ವರ್ಷ. ಆ 4 ವರ್ಷದೊಳಗೆ ಫೋಯೆಟ್ ಎಂಬ ಒಂದು ದಿನದ ಮರುತರಬೇತಿ ಮುಗಿಸಿದರೆ ಮುಂದಿನ 4 ವರ್ಷಕ್ಕೆ ನಿಶ್ಚಿಂತೆ. ಆದರೆ ಫೋಯೆಟ್‌ಗೆ ಕೂರುವ ದಿನ ನಿಮ್ಮ ಹಳೆಯ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಹತ್ತನೇ ತಾರೀಖಿಗೆ ಅವಧಿ ಮುಗಿದು ನೀವು ಹನ್ನೊಂದಕ್ಕೆ ಹೋಗಿ ನಿಂತರೂ ಕೇಂದ್ರದವರು ಫೋಯೆಟ್‌ಗೆ ಸೇರಿಸಿಕೊಳ್ಳುವುದಿಲ್ಲ. ಮೊದಲಿನಿಂದ ಮೂರು ದಿನದ ಬೋಸಿಯೆಟ್, ಅದಕ್ಕೆ ತಕ್ಕ ಶುಲ್ಕ, ಅಷ್ಟು ದಿನದ ವಸತಿ ಖರ್ಚು. 2020ರಲ್ಲಿ ಕೊರೊನಾ ಕಾರಣಕ್ಕೆ ತರಬೇತಿ ಕೇಂದ್ರಗಳು ಬಾಗಿಲು ಹಾಕಿದಾಗ ಅವಧಿ ವಿಸ್ತರಿಸಿದ್ದುಂಟು. ನಿಮ್ಮ ಏಜೆಂಟರು ಬಹುಶಃ ಆ ಕಾಲದ ಮಾತನ್ನೇ ಈಗಲೂ ಹೇಳುತ್ತಿದ್ದಾರೆ.

ಕೊನೆಯ ವಾರಕ್ಕೆ ಉಳಿಸಿಕೊಳ್ಳುವುದೂ ಸರಿಯಲ್ಲ. ಒಂದು ತಂಡಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುತ್ತದೆ. ಸೀಟು ತುಂಬಿದ್ದರೆ ಮುಂದಿನ ತಂಡಕ್ಕೆ ಕಾಯಬೇಕು. ಹೊರಡುವ ಹಿಂದಿನ ದಿನ ನೆಗಡಿ ಕಟ್ಟಿಕೊಂಡರೆ, ಕಿವಿ ಸೋರುತ್ತಿದ್ದರೆ ನೀರಿಗೆ ಇಳಿಸುವುದಿಲ್ಲ, ಇಳಿಸಲೂಬಾರದು. ಮೂರು ತಿಂಗಳು ಬಾಕಿ ಇರುವಾಗಲೇ ಸೀಟು ಕಾಯ್ದಿರಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ರಜೆಗೆ ಬರುವ ಮೊದಲು ರಿಗ್ಗಿನಲ್ಲಿದ್ದಾಗಲೇ ಫೋನಿನಲ್ಲಿ ವಿಚಾರಿಸಿದರೆ ಇನ್ನೂ ಒಳ್ಳೆಯದು. ಕೇಂದ್ರ ಗೋವಾ ಕಡೆಯಲ್ಲಾದರೆ ನಿಮಗೆ ಹುಬ್ಬಳ್ಳಿ, ಲೋಂಡಾ ದಾರಿ ಸಲೀಸು. ಮುಂಬೈ ಕಡೆಯಾದರೆ ಹೋಗಿ ಬರುವುದಕ್ಕೇ ಎರಡು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ತೊಡಕು ನಮ್ಮ ಕಡೆಯವರಿಗೇ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್. ಒಂದರಲ್ಲಿ ಬಸವರಾಜಪ್ಪ, ಇನ್ನೊಂದರಲ್ಲಿ ಬಸವರಾಜ್. ಹೆಲಿಪ್ಯಾಡಿನ ಕೌಂಟರಿನಲ್ಲಿ ಕುಳಿತವರಿಗೆ ನಮ್ಮ ಹೆಸರಿಡುವ ಪದ್ಧತಿ ತಿಳಿಯದು. ಎರಡೂ ಒಬ್ಬನವೇ ಎಂದು ಅವರು ಒಪ್ಪಿಕೊಳ್ಳಬೇಕಾಗಿಯೂ ಇಲ್ಲ. ತರಬೇತಿಯ ಮೊದಲ ಬೆಳಿಗ್ಗೆ ಹೆಸರು ಬರೆಸುವಾಗ ಪಾಸ್‌ಪೋರ್ಟ್ ಮುಂದಿಟ್ಟು ಅಕ್ಷರಕ್ಕೆ ಅಕ್ಷರ ಹೊಂದಿಸಿ. ಕಾರ್ಡ್ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ ನೋಡಿ.

ಬೋಸಿಯೆಟ್ ಒಂದರ ತಾರೀಖು ನೆನಪಿಟ್ಟರೆ ಸಾಲದು ಎಂಬುದನ್ನೂ ಹೇಳಿಬಿಡುತ್ತೇನೆ. ಹೈಡ್ರೋಜನ್ ಸಲ್ಫೈಡ್ ವಿಷಾನಿಲದ ತರಬೇತಿಗೆ ಒಪಿಟೊ ಕೊಡುವ ಅವಧಿ 2 ವರ್ಷ. ಬ್ರಿಟಿಷ್ ಮಾದರಿಯ ಕಡಲ ವೈದ್ಯಕೀಯ ಪ್ರಮಾಣಪತ್ರಕ್ಕೂ ಹೆಚ್ಚೆಂದರೆ 2 ವರ್ಷ. ಹಡಗಿನ ಸಿಬ್ಬಂದಿಯಾಗಿ ಹೋಗುವವರಿಗೆ ಬೇಕಾದ ಎಸ್‌ಟಿಸಿಡಬ್ಲ್ಯು ತರಬೇತಿಯೇ ಬೇರೆ, ಅದರ ಸುರಕ್ಷತಾ ಪಾಠಗಳನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಗ್ಗದಲ್ಲಿ ಇಳಿದು ಕೆಲಸ ಮಾಡುವವರ ಇರಾಟಾ ಪ್ರಮಾಣಪತ್ರಕ್ಕೆ 3 ವರ್ಷ. ಒಬ್ಬನ ಚೀಲದಲ್ಲೇ ನಾಲ್ಕು ಕಾಗದ, ನಾಲ್ಕಕ್ಕೂ ಬೇರೆ ಬೇರೆ ಗಡುವು. ಇವನ್ನೆಲ್ಲ ಕಂಪನಿ ನೋಡಿಕೊಳ್ಳುತ್ತದೆ, ಏಜೆಂಟ್ ನೋಡಿಕೊಳ್ಳುತ್ತಾನೆ ಎಂದು ಬಿಟ್ಟರೆ ಕೆಲಸ ಕೆಟ್ಟಂತೆ. ಕಂಪನಿ ಬದಲಾದರೂ ಏಜೆಂಟ್ ಬದಲಾದರೂ ಆ ಕಾಗದದ ಮೇಲಿರುವುದು ನಿಮ್ಮ ಹೆಸರು. ಮನೆಯ ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲಿ, ಹಬ್ಬ ಅಮಾವಾಸ್ಯೆಗಳ ನಡುವೆ, ಈ ತಾರೀಖುಗಳನ್ನೂ ಕೆಂಪು ಶಾಯಿಯಲ್ಲಿ ಬರೆಯಿರಿ. ಮನೆಯಲ್ಲಿರುವವರಿಗೂ ತಿಳಿದಿರಲಿ. ನೀವು ರಿಗ್ಗಿನಲ್ಲಿದ್ದಾಗ ನೆನಪಿಸುವವರು ಅವರೇ.

ಪ್ರಶ್ನೆ: ನನ್ನ ಯಜಮಾನರು ರಿಗ್ಗರ್, ಭಾರದ ಸಾಮಾನು ಕಟ್ಟಿ ಎತ್ತಿಸುವ ಕೆಲಸ. ಇದುವರೆಗೆ ಬಂದರಿನ ಯಾರ್ಡಿನಲ್ಲಿ ಕೆಲಸ, ಈಗ ಸಮುದ್ರದೊಳಗಿನ ಪ್ಲಾಟ್‌ಫಾರ್ಮಿಗೆ ಕರೆ ಬಂದಿದೆ. ಅವರಿಗೆ ನೀರೆಂದರೆ ಚಿಕ್ಕಂದಿನಿಂದ ಭಯ, ಈಜು ಬರುವುದಿಲ್ಲ. ಪರಿಚಯದವರೊಬ್ಬರು ‘ನೀರಿಗೆ ಇಳಿಯುವುದೇ ಬೇಡ, ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಮನೆಗೇ ಬರುತ್ತದೆ’ ಎಂದಿದ್ದಾರೆ. ಇವರು ಒಪ್ಪುವ ಹಾಗಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.
— ಒಬ್ಬ ಓದುಗಿ, ದಾವಣಗೆರೆ

ಉತ್ತರ: ತಂಗೀ, ನಿಮ್ಮ ಆತಂಕ ಸರಿಯಾಗಿದೆ. ಈ ಪತ್ರಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಕೊಡುತ್ತೇನೆ. ಸಾಧ್ಯವಾದರೆ ಇದನ್ನು ನಿಮ್ಮ ಯಜಮಾನರ ಕೈಗೆ ಕೊಟ್ಟು ಓದಿಸಿ.

ಮೊದಲು ಈಜಿನ ಮಾತು. ಈಜು ಬರಲೇಬೇಕು ಎಂಬ ನಿಯಮ ಈ ತರಬೇತಿಗೆ ಇಲ್ಲ. ಮೈಮೇಲೆ ಲೈಫ್ ಜಾಕೆಟ್ ಇರುತ್ತದೆ, ನೀರಿನೊಳಗೆ ಮುಳುಗುಗಾರರು ಕಾಯುತ್ತಿರುತ್ತಾರೆ. ನೀರಿನ ಭಯ ಇರುವವರು ಬೆಳಿಗ್ಗೆಯೇ ತರಬೇತುದಾರರಿಗೆ ಹೇಳಿಬಿಡಬೇಕು. ನಾವು ಅಂಥವರನ್ನು ಕಿಟಕಿಯ ಪಕ್ಕದ ಸುಲಭದ ಆಸನದಲ್ಲಿ ಕೂರಿಸಿ, ಪಕ್ಕದಲ್ಲೇ ಒಬ್ಬರನ್ನು ಇರಿಸುತ್ತಿದ್ದೆವು. ಹಿಂದಿನ ತಿಂಗಳಲ್ಲೇ ಊರಿನ ಈಜುಕೊಳಕ್ಕೆ ಹೋಗಿ, ಕಲಿಸುವವರ ಕಣ್ಣೆದುರು, ಮುಖ ನೀರಿನಲ್ಲಿ ಅದ್ದಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಮಾಡಲಿ. ಭದ್ರಾ ನಾಲೆಗೆ ಮಾತ್ರ ಇಳಿಯುವುದು ಬೇಡ. ಅದರ ಸೆಳೆತ ಈಜು ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ, ಹಿಡಿದುಕೊಳ್ಳಲು ಇಕ್ಕೆಲದ ಸಿಮೆಂಟು ಗೋಡೆಯಲ್ಲಿ ಏನೂ ಸಿಗುವುದಿಲ್ಲ.

ಇನ್ನು ಆ ನೀರಿನಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಹೇಳುತ್ತೇನೆ. ಹೆಲಿಕಾಪ್ಟರಿನ ಒಡಲಿನಂಥ ಒಂದು ಗೂಡಿನಲ್ಲಿ ಕೂರಿಸಿ ಬೆಲ್ಟ್ ಬಿಗಿಯುತ್ತಾರೆ. ಕ್ರೇನ್ ಅದನ್ನು ಮೆಲ್ಲಗೆ ಕೊಳಕ್ಕೆ ಇಳಿಸುತ್ತದೆ. ನೀರು ಪಾದಕ್ಕೆ, ಮೊಣಕಾಲಿಗೆ, ಎದೆಗೆ ಬರುತ್ತದೆ. ಗಲ್ಲ ಮುಟ್ಟುವ ಹೊತ್ತಿಗೆ ಉಸಿರು ಎಳೆದುಕೊಳ್ಳಬೇಕು. ಆಮೇಲೆ ಗೂಡು ತಲೆಕೆಳಗಾಗಿ ತಿರುಗುತ್ತದೆ. ಮೂಗಿಗೆ ನೀರು ನುಗ್ಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಆ ಗಳಿಗೆಯಲ್ಲಿ ಎಲ್ಲರ ಕೈಯೂ ತಾನಾಗಿ ಬೆಲ್ಟಿನ ಬಕಲ್ ಬಿಚ್ಚಲು ಹೋಗುತ್ತದೆ. ಬಿಚ್ಚಿದರೆ ಕೆಟ್ಟಿತು. ದೇಹ ತೇಲಿ ಎತ್ತಲೋ ಸರಿಯುತ್ತದೆ, ಕಿಟಕಿ ತಳ್ಳಲು ಬೆನ್ನಿಗೆ ಆಸರೆ ಇರುವುದಿಲ್ಲ. ಆದ್ದರಿಂದ ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಇನ್ನೊಂದು ಬಕಲ್ ಮೇಲೆ. ಗೂಡು ತಿರುಗುವುದು ನಿಲ್ಲುವವರೆಗೆ ಕಾಯಬೇಕು. ಕಿಟಕಿ ತಳ್ಳಿ, ಚೌಕಟ್ಟು ಬಿಗಿಯಾಗಿ ಹಿಡಿದು, ಆಮೇಲಷ್ಟೇ ಬೆಲ್ಟ್ ಬಿಚ್ಚಿ, ಹಿಡಿದ ಕೈಯ ಬಲದಿಂದಲೇ ಹೊರಗೆ ಬರಬೇಕು. ಓದುವುದಕ್ಕೆ ನಾಲ್ಕು ಸಾಲು. ಆದರೆ ಮೊದಲ ಸಲ ಮುಳುಗಿದಾಗ ಸರಿಯಾಗಿ ಮಾಡಿದವರನ್ನು ನಾನು ಕಂಡದ್ದು ಅಪರೂಪ. ಎರಡನೇ, ಮೂರನೇ ಸಲಕ್ಕೆ ಕೈ ಕಲಿಯುತ್ತದೆ. 4 ವರ್ಷ ಬಿಟ್ಟು ಮರಳಿ ಬಂದಾಗ ಅದೇ ಕೈ ಮತ್ತೆ ಮೊದಲು ಬಕಲ್ಲಿಗೆ ಹೋಗುತ್ತದೆ. ಮರುತರಬೇತಿ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು. ಕೊಂಡುತಂದ ಕಾಗದಕ್ಕೆ ಈ ಕೈಯಭ್ಯಾಸ ಎಲ್ಲಿಂದ ಬರಬೇಕು?

ಇದೆಲ್ಲ ದೂರ ದೇಶದ ಕಥೆ ಎಂದು ಅವರು ಅಂದುಕೊಳ್ಳಬಾರದು. 2022ರ ಜೂನ್ 28ರಂದು ಮುಂಬೈ ಹೈನಲ್ಲಿ ಸಾಗರ್ ಕಿರಣ್ ರಿಗ್ಗಿನ ಬಳಿ ಹೆಲಿಕಾಪ್ಟರ್ ಕಡಲಿಗೆ ಬಿತ್ತು. ಅದರಲ್ಲಿದ್ದ 9 ಜನರಲ್ಲಿ 4 ಜನ ತೀರಿಕೊಂಡರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಪಿ-305 ಎಂಬ ಬಾರ್ಜ್ ಮುಳುಗಿತು. ಅದರ ಮೇಲಿದ್ದ 261 ಜನರಲ್ಲಿ ಎಷ್ಟೋ ಮಂದಿ ವೆಲ್ಡರ್, ಫಿಟ್ಟರ್, ರಿಗ್ಗರ್‌ಗಳು, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ರಾತ್ರಿಯಿಡೀ ಆಳೆತ್ತರದ ಅಲೆಗಳಲ್ಲಿ ಲೈಫ್ ಜಾಕೆಟ್ ನಂಬಿಕೊಂಡು ತೇಲಿದವರನ್ನು ನೌಕಾಪಡೆ ಎತ್ತಿತು. ಎಲ್ಲರನ್ನೂ ಎತ್ತಲಾಗಲಿಲ್ಲ.

2005ರ ಜುಲೈ 27ರ ಸಂಗತಿಯನ್ನಂತೂ ನಾನು ಪ್ರತಿ ತಂಡಕ್ಕೂ ಹೇಳುತ್ತಿದ್ದೆ. ಹಡಗಿನ ಅಡುಗೆಯವನೊಬ್ಬನ ಬೆರಳು ಕತ್ತರಿಸಿಹೋಗಿತ್ತು. ಮಳೆಗಾಲ, ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಚಿಕಿತ್ಸೆಗೆ ಅವನನ್ನು ಕ್ರೇನಿನ ಬುಟ್ಟಿಯಲ್ಲಿ ಅದೇ ಮುಂಬೈ ಹೈನ ಬಾಂಬೆ ಹೈ ನಾರ್ತ್ ವೇದಿಕೆಗೆ ಏರಿಸಬೇಕೆಂದು ಸಮುದ್ರ ಸುರಕ್ಷಾ ಹಡಗು ಹತ್ತಿರ ಬಂತು. ಅಲೆ ಎತ್ತಿ ಎಸೆದಾಗ ಹಡಗಿನ ಹೆಲಿಡೆಕ್ ವೇದಿಕೆಯ ಅನಿಲದ ಕೊಳವೆಗೆ ಬಡಿಯಿತು. ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಸುಮಾರು ಎರಡು ಗಂಟೆಯಲ್ಲಿ ಇಡೀ ವೇದಿಕೆಯೇ ಕಡಲು ಸೇರಿತು. 22 ಜನ ಹೋದರು, 362 ಜನರನ್ನು ಉಳಿಸಿಕೊಂಡರು. ಒಂದು ಬೆರಳಿನ ಗಾಯದಿಂದ ಇಷ್ಟು ದೂರ ಬರುವ ಕೆಲಸ ಇದು. ನಿಮ್ಮ ಯಜಮಾನರು ರಿಗ್ಗರ್, ಬೆಂಕಿಗೂ ಅನಿಲಕ್ಕೂ ಸಂಬಂಧವಿಲ್ಲದ ಕೆಲಸ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಅಲಾರಾಂ ಕೂಗಿದಾಗ ಅಡುಗೆಯವನೂ ಇಂಜಿನಿಯರೂ ಎಲ್ಲರೂ ಸೇರುವ ಒಂದೇ ಮಸ್ಟರ್ ಜಾಗಕ್ಕೆ ಓಡಬೇಕು, ಒಂದೇ ಲೈಫ್‌ಬೋಟಿನಲ್ಲಿ ಕೂರಬೇಕು. ಅಲ್ಲಿ ಬೆಲ್ಟ್ ಹಾಕಿಕೊಳ್ಳಲು ಬಾರದ ಒಬ್ಬನಿಂದ ಉಳಿದವರಿಗೂ ತಡವಾಗುತ್ತದೆ.

ಖೋಟಾ ಕಾಗದದ ಪರಿಣಾಮವನ್ನೂ ತಿಳಿಸುತ್ತೇನೆ. ಅಸಲಿ ಸರ್ಟಿಫಿಕೇಟಿನ ವಿವರ ತರಬೇತಿ ಕೇಂದ್ರದಿಂದ ಒಪಿಟೊದ ದಾಖಲೆಗೆ ಹೋಗುತ್ತದೆ. ಕಂಪನಿಯವರು ಅದರ ಸಂಖ್ಯೆ ಹಾಕಿ ತಾಳೆ ನೋಡುತ್ತಾರೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಖೋಟಾ ದಾಖಲೆ ಬಳಸಿದ ಅಪರಾಧವೂ ತಲೆಗೆ ಬರುತ್ತದೆ. ದುಡ್ಡು ತೆಗೆದುಕೊಂಡ ‘ಪರಿಚಯದವರು’ ಆಗ ಫೋನ್ ಎತ್ತುವುದಿಲ್ಲ. ಅವರು ಕೇಳಿದ ಹಣದಲ್ಲೇ ನಿಜವಾದ ತರಬೇತಿಗೆ ಸೇರಿಸಿ ತಂಗೀ. ಮೂರು ದಿನ ಕಳೆದು ಬಂದಾಗ ನಿಮ್ಮ ಯಜಮಾನರ ನೀರಿನ ಭಯವೂ ಅರ್ಧಕ್ಕೆ ಇಳಿದಿರುತ್ತದೆ. ಅಂಥ ಬದಲಾವಣೆಯನ್ನು ನಾನು ಕೊಳದ ದಂಡೆಯಲ್ಲಿ ನಿಂತು ಎಷ್ಟೋ ಜನರಲ್ಲಿ ಕಂಡಿದ್ದೇನೆ.

ಪ್ರಶ್ನೆ: ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ನನ್ನ ಬಳಿ ಟಿ-ಬೋಸಿಯೆಟ್ ಇದೆ, ಇನ್ನೂ ಎರಡು ವರ್ಷ ಬಾಕಿ ಇದೆ. ಬ್ರಿಟನ್ನಿನ ಉತ್ತರ ಸಮುದ್ರದ ಕೆಲಸಕ್ಕೆ ಸಂದರ್ಶನ ಆಗಿದೆ. ಇದೇ ಸಾಕಾಗುತ್ತದೆಯೇ?
— ಹೊಳಲ್ಕೆರೆಯ ಓದುಗ

ಉತ್ತರ: ಸಾಕಾಗುವುದಿಲ್ಲ. ಟಿ ಅಕ್ಷರ ಉಷ್ಣವಲಯದ ಕಡಲಿಗೆ ಎಂಬುದರ ಗುರುತು. ನಮ್ಮ ಅರಬ್ಬಿ ಸಮುದ್ರ, ಕೊಲ್ಲಿ, ಆಗ್ನೇಯ ಏಷ್ಯಾ ಕಡೆಗಳಿಗೆ ಅದು ನಡೆಯುತ್ತದೆ. ಉತ್ತರ ಸಮುದ್ರದ ನೀರು ಚಳಿಗಾಲದಲ್ಲಿ ಹತ್ತು ಡಿಗ್ರಿಗಿಂತ ಕೆಳಗಿರುತ್ತದೆ. ಅಂಥ ನೀರಿಗೆ ಬಿದ್ದವನಿಗೆ ಆಘಾತದಿಂದ ಏದುಸಿರು ಹತ್ತುತ್ತದೆ, ಉಸಿರು ಬಿಗಿಹಿಡಿಯಲು ಕೆಲವೇ ಸೆಕೆಂಡುಗಳಷ್ಟು ಸಾಧ್ಯ. ಅದಕ್ಕಾಗಿ ಅಲ್ಲಿ ನೀರು ಒಳಬಾರದ ಪೂರ್ಣ ಉಡುಪು ತೊಟ್ಟೇ ಹೆಲಿಕಾಪ್ಟರ್ ಹತ್ತಬೇಕು, ಒತ್ತಡದ ಗಾಳಿ ತುಂಬಿದ ಪುಟ್ಟ ಸಿಲಿಂಡರ್ ಜೊತೆಗಿರಬೇಕು. 2013ರ ಆಗಸ್ಟ್ 23ರಂದು ಶೆಟ್ಲೆಂಡಿನ ಸಂಬರೊ ಬಳಿ ಸೂಪರ್ ಪೂಮಾ ಹೆಲಿಕಾಪ್ಟರ್ ಕಡಲಿಗೆ ಬಿದ್ದು ಮಗುಚಿ 4 ಪ್ರಯಾಣಿಕರು ತೀರಿಕೊಂಡ ಮೇಲೆ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಈ ನಿಯಮಗಳನ್ನು ಬಿಗಿ ಮಾಡಿತು. ಹಾಗಾಗಿ ನಿಮಗೆ ಬೇಕಾದದ್ದು ಸಿಎ-ಇಬಿಎಸ್, ಅಂದರೆ ಆ ಸಿಲಿಂಡರಿನಿಂದ ಉಸಿರಾಡುವ ಪಾಠ, ಸೇರಿದ ಬೋಸಿಯೆಟ್. ಆ ಸಿಲಿಂಡರಿನ ಗಾಳಿ ಸೇವಿಸಿ ಮೇಲೇಳುವಾಗ ಉಸಿರು ಕಟ್ಟಿ ಹಿಡಿಯಬಾರದು, ಬಿಡುತ್ತಲೇ ಏಳಬೇಕು. ಇಲ್ಲವಾದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಉಬ್ಬಸ ಇದ್ದವರು ಮೊದಲೇ ವೈದ್ಯರಿಗೆ ಹೇಳಬೇಕಾದ್ದು ಇದಕ್ಕೇ.

ಜೊತೆಗೆ ಅಲ್ಲಿ ಭುಜದ ಅಗಲವನ್ನೂ ಅಳೆಯುತ್ತಾರೆ. 22 ಅಂಗುಲ ಮತ್ತು ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ಕಿಟಕಿಯ ಪಕ್ಕದ ಆಸನವೇ ಕೊಡಬೇಕು. ಗರಡಿ ಮನೆಯ ಮೈಕಟ್ಟಿನವರು ಇದನ್ನು ಅವಮಾನ ಎಂದುಕೊಳ್ಳಬಾರದು, ತುರ್ತಿನಲ್ಲಿ ಹೊರಗೆ ಬರಲು ಅನುಕೂಲವಾಗಲಿ ಎಂದೇ ಮಾಡಿದ ಏರ್ಪಾಡು. ಬೋಸಿಯೆಟ್ ಮಾಡಿಸುವ ಮೊದಲು ಯಾವ ಮಾದರಿ ಬೇಕು ಎಂಬುದನ್ನು ಕಂಪನಿಯಿಂದ ಇ-ಮೇಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಿ ಹಣ ಕಟ್ಟಬೇಡಿ.

ಪ್ರಶ್ನೆ: ಮಗ ಐಟಿಐ ಮುಗಿಸಿದ್ದಾನೆ. ಬೋಸಿಯೆಟ್, ವಿಷಾನಿಲ ತರಬೇತಿ, ಮೆಡಿಕಲ್ ಮೂರೂ ಸೇರಿಸಿ ಒಂದೇ ಕಂತಿನಲ್ಲಿ ಹಣ ಕಟ್ಟಿದರೆ ರಿಗ್ಗಿನಲ್ಲಿ ಕೆಲಸ ಖಚಿತ ಎಂದು ಒಬ್ಬರು ಹೇಳುತ್ತಿದ್ದಾರೆ. ಈ ವರ್ಷ ಶೇಂಗಾ ಕೈಕೊಟ್ಟಿದೆ. ಒಂದೆಕರೆ ಅಡವಿಡಬೇಕಾಗುತ್ತದೆ. ಏನು ಮಾಡಲಿ?
— ರೈತ, ಚಳ್ಳಕೆರೆ ತಾಲ್ಲೂಕು

ಉತ್ತರ: ಯಜಮಾನರೇ, ಹೊಲ ಅಡವಿಡಬೇಡಿ. ಈ ಸರ್ಟಿಫಿಕೇಟುಗಳಿಂದ ಯಾರಿಗೂ ಕೆಲಸ ಸಿಗುವುದಿಲ್ಲ. ಕೆಲಸ ಕೈಗೂಡಿದವನು ವೇದಿಕೆಗೆ ಹೋಗಲು ಅವು ಬೇಕು, ಅಷ್ಟೆ. ನಿಮ್ಮ ಮಗ ಇಂದು ತರಬೇತಿ ಮುಗಿಸಿದರೆ 4 ವರ್ಷದ ಅವಧಿ ಇಂದಿನಿಂದಲೇ ಕರಗತೊಡಗುತ್ತದೆ, ವಿಷಾನಿಲದ್ದು, ಮೆಡಿಕಲ್‌ನದು ಎರಡೇ ವರ್ಷದಲ್ಲಿ ತೀರುತ್ತವೆ. ಅನುಭವವಿಲ್ಲದ ಹುಡುಗನನ್ನು ರಿಗ್ಗಿಗೆ ಕರೆಯುವವರು ಕಡಿಮೆ. ಕಾಯುತ್ತಾ ಕೂತರೆ ಮೂರೂ ಕಾಗದ ಪೆಟ್ಟಿಗೆಯಲ್ಲೇ ಹಳತಾಗುತ್ತವೆ.

ಮೊದಲು ಅವನು ದಡದ ಮೇಲೆ ಎರಡು ಮೂರು ವರ್ಷ ಗಟ್ಟಿ ಕೆಲಸ ಕಲಿಯಲಿ. ಹರಿಹರದ ಕಡೆಯ ಕಾರ್ಖಾನೆ, ಮಂಗಳೂರಿನ ತೈಲ ಶುದ್ಧೀಕರಣ ಘಟಕದ ವಾರ್ಷಿಕ ದುರಸ್ತಿ, ಎಲ್ಲಿಯಾದರೂ ಸರಿ. ವೆಲ್ಡಿಂಗ್ ಆದರೆ, ಓರೆಯಾಗಿ ನಿಲ್ಲಿಸಿದ ಕೊಳವೆಯನ್ನು ಬೆಸೆಯುವ 6ಜಿ ಪರೀಕ್ಷೆ ದಾಟುವ ಕೈ ಬರಲಿ. ಕಂಪನಿಯಿಂದ ಕೆಲಸದ ಪತ್ರ ಬಂದ ಮೇಲೆ ತರಬೇತಿಯ ಮಾತು. ಬಹಳಷ್ಟು ಕಂಪನಿಗಳು ಆ ಖರ್ಚನ್ನು ತಾವೇ ಕೊಡುತ್ತವೆ, ಕೇಳಿ ತಿಳಿಯಬೇಕು.

ಹೊರದೇಶದ ಕೆಲಸ ಎಂದು ಹೇಳಿದರೆ ಆ ವ್ಯಕ್ತಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇದೆಯೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಮಗನಿಂದ ನೋಡಿಸಿ. ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ರಸೀದಿ ಕೇಳಿದ ಕೂಡಲೇ ಮಾತು ಮರೆಸುವವನಾದರೆ ಅಲ್ಲಿಗೇ ಬಿಟ್ಟುಬಿಡಿ.

ಭಾರತದಲ್ಲಿಯೇ ಕಲಿಯಲು ಜಾಗವಿಲ್ಲ ಎಂಬ ಚಿಂತೆಯೂ ಬೇಡ. ಗೋವಾದ ಬೇತುಲ್‌ನಲ್ಲಿ ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿಯ ಕಡಲ ಬದುಕುಳಿಯುವಿಕೆ ತರಬೇತಿ ಕೇಂದ್ರ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ವರ್ಷಕ್ಕೆ 10,000ದಿಂದ 15,000 ಜನರಿಗೆ ಕಲಿಸುವ ಅಂದಾಜಿನಲ್ಲಿ ಕಟ್ಟಿದ್ದು, ಬಿರುಗಾಳಿ, ಅಲೆಗಳನ್ನು ಕೃತಕವಾಗಿ ಎಬ್ಬಿಸಿ ಅಭ್ಯಾಸ ಮಾಡಿಸುವ ವ್ಯವಸ್ಥೆ ಅಲ್ಲಿದೆ. ಹುಡುಗನಿಗೆ ಹೊತ್ತು ಬಂದಾಗ ಇಂಥ ಕಡೆಗೆ ಹೋಗಬಹುದು.

ಪ್ರಶ್ನೆ: ಬಿಪಿ ಮಾತ್ರೆ ಶುರುವಾಗಿದೆ. ಮೆಡಿಕಲ್ ನವೀಕರಣಕ್ಕೆ ಹೋಗುವ ಹಿಂದಿನ ವಾರ ಮಾತ್ರೆ ನಿಲ್ಲಿಸಿ, ವಿಷಯ ಹೇಳದೆ ಇದ್ದರೆ ಆಗುತ್ತದೆಯೇ?
— ಚನ್ನಗಿರಿ

ಉತ್ತರ: ಖಂಡಿತ ಆಗದು. ಮಾತ್ರೆ ನಿಲ್ಲಿಸಿದರೆ ಪರೀಕ್ಷೆಯ ಮೇಜಿನ ಮೇಲೆಯೇ ಬಿಪಿ ಏರಿ ಕೂರುತ್ತದೆ. ಹತೋಟಿಯಲ್ಲಿರುವ ಬಿಪಿ ಒಂದೇ ಕಾರಣಕ್ಕೆ ಯಾರನ್ನೂ ಸಾಮಾನ್ಯವಾಗಿ ವಾಪಸ್ ಕಳಿಸುವುದಿಲ್ಲ. ವೈದ್ಯರು 2 ವರ್ಷದ ಬದಲು ಕಡಿಮೆ ಅವಧಿಗೆ ಪ್ರಮಾಣಪತ್ರ ಕೊಟ್ಟು ಮತ್ತೆ ಬರಲು ಹೇಳಬಹುದು. ಆ ಹೊಸ ತಾರೀಖನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ, ಹಳೆಯ ಲೆಕ್ಕದಲ್ಲಿ ಇರಬೇಡಿ. ವೈದ್ಯರ ಚೀಟಿಯ ಮೂಲಪ್ರತಿ, ಕಳೆದ ಕೆಲವು ತಿಂಗಳ ಬಿಪಿ ದಾಖಲೆ, ಪೂರ್ತಿ ಪಾಳಿಗೆ ಸಾಲುವಷ್ಟು ಮಾತ್ರೆ ಜೊತೆಗಿರಲಿ. ಪಾಳಿ ಮುಗಿದರೂ ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬಾರದೆ ಉಳಿಯಬೇಕಾದೀತು, ಅದಕ್ಕೆ ಎರಡು ವಾರದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ವೇದಿಕೆ ತಲುಪಿದ ದಿನವೇ ಅಲ್ಲಿನ ವೈದ್ಯ ಸಿಬ್ಬಂದಿಗೆ ಅವನ್ನು ತೋರಿಸಿ, ಹೆಸರು ಬರೆಸಿ.